ಗಜನಿಗೆ ಕಟ್ಟು, ಮದ್ದಿಗೆ ಕಾವಲು

ಪ್ರೀತಿಯ ತಮಾ,

ತಂಗಿಯಾಗಿದ್ದರೂ ಇದು ನಿನಗೇ ಬರೆದ ಕಾಗದ ಎಂದು ತಿಳಿ. ಸೈಕೆಡೆಲಿಕ್ ಚಿಕಿತ್ಸೆ ಎಂಬ ಮಾತು ಈಗ ಕಾರವಾರ, ಅಂಕೋಲೆಯವರೆಗೂ ಬಂದು ತಲುಪಿದೆ. ಅಣಬೆಯೊಳಗಿನ ಸಿಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಎಂಬ ಹೆಸರುಗಳನ್ನು ಮೊದಲು ಪೊಲೀಸರ ಪ್ರಕಟಣೆಯಲ್ಲಷ್ಟೇ ಓದುತ್ತಿದ್ದೆವು. ಈಗ ಅವೇ ಹೆಸರುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಖಿನ್ನತೆಗೆ, ಆಘಾತಕ್ಕೆ ಮದ್ದಾಗಬಹುದಾದವು ಎಂದು ಬರುತ್ತಿವೆ. ದಕ್ಷಿಣಕ್ಕೆ ಗೋಕರ್ಣ, ಉತ್ತರಕ್ಕೆ ಮಾಜಾಳಿ ದಾಟಿದರೆ ಗೋವೆ, ನಡುವೆ ನಾವು. ಒಂದೇ ರಾತ್ರಿಯಲ್ಲಿ ವರ್ಷಗಳ ಭಾರ ಇಳಿದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಕಿವಿಗೊಡುವಷ್ಟು ನೋವು ಈ ದಂಡೆಯಲ್ಲಿ ಇದೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯ ದಿನ ದೋಣಿ ಮಗುಚಿ 16 ಜನ ಹೋದರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗ ಗಂಗಾವಳಿ ನದಿಗೆ ಬಿದ್ದ ಒಂದು ಲಾರಿಯನ್ನು ತಳದಿಂದ ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಇಂಥದ್ದನ್ನು ಕಂಡವರಿಗೆ ಮಳೆಗಾಲದ ರಾತ್ರಿಗಳಲ್ಲಿ ನಿದ್ದೆ ಬಾರದಿದ್ದರೆ, ಗುಳಿಗೆಯಿಂದಲೂ ಬಾರದಿದ್ದರೆ, ಅವರು ಬೇರೆ ದಾರಿ ಹುಡುಕುವುದನ್ನು ನಾನು ಚಟ ಎಂದು ಕರೆಯಲಾರೆ. ಆದ್ದರಿಂದ ಬೈಯಲು ಬರೆಯುತ್ತಿಲ್ಲ. ಆ ದಾರಿಗೆ ಕಾಲಿಡುವ ಮೊದಲು ತಿಳಿದಿರಬೇಕಾದ್ದನ್ನು ಹೇಳಲು ಬರೆಯುತ್ತಿದ್ದೇನೆ.

ಮೊದಲು, ಈ ಸಂಶೋಧನೆ ಪೊಳ್ಳಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. 2022ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಬೇರೆ ಔಷಧಿಗಳಿಗೆ ಬಗ್ಗದ ಖಿನ್ನತೆಯಿದ್ದ 233 ಜನರಿಗೆ ಒಂದೇ ಒಂದು ಸಲ ಸಿಲೋಸೈಬಿನ್ ಕೊಟ್ಟರು. 25 ಮಿಲಿಗ್ರಾಂ ಪಡೆದವರಲ್ಲಿ ಶೇ. 37 ಮಂದಿಗೆ ಮೂರು ವಾರಗಳ ಹೊತ್ತಿಗೆ ಗಣನೀಯ ಸುಧಾರಣೆ ಕಂಡಿತು. ಹೆಸರಿಗಷ್ಟೇ 1 ಮಿಲಿಗ್ರಾಂ ಪಡೆದವರಲ್ಲಿ ಇದು ಶೇ. 18. ಬೇರೆ ಮದ್ದು ಹಿಡಿಯದ ರೋಗಿಗಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಹನ್ನೆರಡು ವಾರಗಳವರೆಗೂ ಗುಣ ಉಳಿದದ್ದು ಶೇ. 20 ಮಂದಿಗೆ ಮಾತ್ರ. ಅಲ್ಲದೆ ಆತ್ಮಹತ್ಯೆಯ ಯೋಚನೆ, ತನಗೆ ತಾನೇ ಗಾಯ ಮಾಡಿಕೊಳ್ಳುವ ವರ್ತನೆ ಎಲ್ಲ ಗುಂಪುಗಳಲ್ಲೂ ವರದಿಯಾದವು. ಇನ್ನೊಂದು ತೊಡಕೂ ಇದೆ. ಸಾಮಾನ್ಯ ಗುಳಿಗೆಯ ಪರೀಕ್ಷೆಯಲ್ಲಿ ತನಗೆ ಸಿಕ್ಕಿದ್ದು ಅಸಲಿಯೋ ಸಕ್ಕರೆಯೋ ಎಂದು ರೋಗಿಗೆ ಗೊತ್ತಾಗದು. ಇಲ್ಲಿ ಅರ್ಧ ತಾಸಿನಲ್ಲೇ ಗೊತ್ತಾಗುತ್ತದೆ. ಸಿಕ್ಕಿತು ಎಂದು ತಿಳಿದವನ ಆಸೆಯೂ ಸಿಗಲಿಲ್ಲ ಎಂದು ತಿಳಿದವನ ನಿರಾಶೆಯೂ ಲೆಕ್ಕದೊಳಗೆ ಸೇರಿಕೊಳ್ಳುತ್ತವೆ. ಅದಕ್ಕೇ ದೇಶಗಳು ಒಮ್ಮತಕ್ಕೆ ಬಂದಿಲ್ಲ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಸಿಲೋಸೈಬಿನ್, ಎಂಡಿಎಂಎಗಳನ್ನು ಬರೆದುಕೊಡಲು ಬಿಟ್ಟಿತು. ಅಮೆರಿಕದ ಔಷಧ ನಿಯಂತ್ರಕರು 2024ರ ಆಗಸ್ಟ್‌ನಲ್ಲಿ ಎಂಡಿಎಂಎ ಚಿಕಿತ್ಸೆಯ ಅರ್ಜಿಯನ್ನು ತಿರಸ್ಕರಿಸಿ ಇನ್ನೊಂದು ಪ್ರಯೋಗ ಮಾಡಿ ಬನ್ನಿ ಎಂದರು.

ನನ್ನ ಮಾತಿನ ತಿರುಳು ಇರುವುದು 2021ರ ಇನ್ನೊಂದು ಪ್ರಯೋಗದಲ್ಲಿ. ತೀವ್ರ ಆಘಾತದ ಕಾಯಿಲೆಯಿದ್ದ 90 ಜನರ ಮೇಲೆ ಎಂಡಿಎಂಎ ಪರೀಕ್ಷಿಸಿದಾಗ, ಮದ್ದು ಪಡೆದವರಲ್ಲಿ ಶೇ. 67 ಮಂದಿ ಕೊನೆಗೆ ಕಾಯಿಲೆಯ ವ್ಯಾಖ್ಯೆಯಿಂದ ಹೊರಬಂದರು. ಎಲ್ಲರೂ ಎತ್ತಿ ಹೇಳುವುದು ಈ ಅಂಕಿಯನ್ನೇ. ಬದಿಯಲ್ಲಿರುವ ಅಂಕಿಯನ್ನೂ ಓದು: ಮದ್ದಿಲ್ಲದ ಹುಸಿಗುಳಿಗೆ ಪಡೆದವರಲ್ಲೂ ಶೇ. 32 ಮಂದಿ ಹಾಗೆಯೇ ಹೊರಬಂದರು. ಇವರಿಗೆ ಸಿಕ್ಕಿದ್ದೇನು? ಅದೇ ಕೋಣೆ, ಅದೇ ಇಬ್ಬರು ಚಿಕಿತ್ಸಕರು, ಅದೇ ತಾಸುಗಟ್ಟಲೆಯ ಮಾತು, ಅದೇ ವಾರಗಳ ಜೊತೆ. ಆ ಕೋಣೆಯನ್ನು ಸ್ವಲ್ಪ ಹತ್ತಿರದಿಂದ ನೋಡು. ಮದ್ದಿನ ದಿನಕ್ಕಿಂತ ವಾರಗಳ ಮುಂಚೆಯೇ ತಪಾಸಣೆ ನಡೆದಿರುತ್ತದೆ: ಹೃದಯ, ರಕ್ತದೊತ್ತಡ, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿ, ಅಪ್ಪ ಅಮ್ಮನ ಕಡೆಯವರಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇತ್ತೇ ಎಂಬ ವಿಚಾರಣೆ. ಆಮೇಲೆ ಪೂರ್ವಸಿದ್ಧತೆಯ ಭೇಟಿಗಳು. ಆ ದಿನ ಹಾಸಿಗೆ, ಕಣ್ಣಿಗೆ ಪಟ್ಟಿ, ಮೆಲ್ಲನೆಯ ಸಂಗೀತ, ಆರರಿಂದ ಎಂಟು ತಾಸು ಎದ್ದುಹೋಗದೆ ಪಕ್ಕದಲ್ಲಿ ಕುಳಿತ ಇಬ್ಬರು. ಮರುದಿನ ಮತ್ತೆ ಭೇಟಿ, ಮುಂದಿನ ವಾರ ಮತ್ತೆ. ಕಂಡದ್ದೇನು, ಅದನ್ನು ಹೊತ್ತು ಬದುಕುವುದು ಹೇಗೆ ಎಂಬ ಮಾತುಕತೆ.

ನಮ್ಮ ಗಜನಿ ಗದ್ದೆ ನಿನಗೆ ಗೊತ್ತೇ ಇದೆ. ಸಮುದ್ರದ ಉಪ್ಪುನೀರು ಏರಿ ಇಳಿಯುವ ನೆಲದಲ್ಲಿ ಕಗ್ಗ ಭತ್ತ ಬೆಳೆಯುವುದು ಕಟ್ಟಿನ ಬಲದಿಂದ. ಬಾಗಿಲು ಯಾವಾಗ ತೆರೆಯಬೇಕು, ಯಾವ ಭರತಕ್ಕೆ ಮುಚ್ಚಬೇಕು ಎಂದು ಬಲ್ಲವರು ಕಾಯುತ್ತಾರೆ. ಅದೇ ನೀರು ಕಟ್ಟು ಒಡೆದು ನುಗ್ಗಿದರೆ ವರ್ಷದ ಅನ್ನ ಹೋಯಿತು. ಈ ಮದ್ದುಗಳೂ ಮನಸ್ಸಿನ ಬಾಗಿಲನ್ನು ಒಮ್ಮೆಲೇ ತೆರೆಯುವಂಥವು. ಪ್ರಯೋಗಗಳಲ್ಲಿ ಗುಣ ಕಂಡದ್ದು ಕಟ್ಟಿನೊಳಗೆ ಬಂದ ನೀರಿನಿಂದ. ಕಡಲದಂಡೆಯ ಗುಡಿಸಲಿನಲ್ಲಿ, ಬಾಡಿಗೆ ಕೋಣೆಯಲ್ಲಿ, ‘ರಿಟ್ರೀಟ್’ ಎಂಬ ಹೆಸರಿನ ವಾರಾಂತ್ಯದ ಕೂಟದಲ್ಲಿ ಸಿಗುವ ಪದಾರ್ಥಕ್ಕೆ ಆ ಅಂಕಿಅಂಶಗಳು ಒಂದೂ ಅನ್ವಯಿಸುವುದಿಲ್ಲ. ಅಲ್ಲಿ ಸಿಗುವುದು ನಿಜಕ್ಕೂ ಅದೇ ವಸ್ತುವೇ, ಎಷ್ಟು ಪ್ರಮಾಣ ಎಂಬುದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ಇನ್ನು ಮೈಯ ವಿಷಯ: ಬೈಪೋಲಾರ್ ಕಾಯಿಲೆಗೆ ಲಿಥಿಯಂ ನುಂಗುತ್ತಿರುವವರು ಇಂಥದ್ದನ್ನು ಸೇವಿಸಿ ಫಿಟ್ಸ್ ಬಂದ ವರದಿಗಳಿವೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಅದು ಕೆರಳಬಹುದು ಎಂಬ ಭಯದಿಂದಲೇ ಪ್ರಯೋಗಗಳು ಅವರನ್ನು ಬಾಗಿಲಲ್ಲೇ ವಾಪಸು ಕಳಿಸುತ್ತವೆ. ಎಂಡಿಎಂಎ ಹೃದಯದ ಬಡಿತ, ಒತ್ತಡ ಏರಿಸುತ್ತದೆ. ಈ ಪ್ರಶ್ನೆಗಳನ್ನು ಕೇಳದೆ ಕೈಗೆ ಕೊಡುವವನು ಚಿಕಿತ್ಸಕನಲ್ಲ.

ಇದಕ್ಕೆ ನಿನ್ನ ಕಡೆಯಿಂದ ಏಳುವ ಮೊದಲ ಮಾತು, ಅಣಬೆ ನಿಸರ್ಗದ್ದಲ್ಲವೇ, ಶತಮಾನಗಳಿಂದ ಜನ ತಿನ್ನುತ್ತಿಲ್ಲವೇ ಎಂಬುದು. ನಿಸರ್ಗದ್ದೇ. ಆದರೆ ನಮ್ಮವರು ಮೊದಲ ಮಳೆಗೆ ಹುತ್ತದ ಮೇಲೆದ್ದ ಅಣಬೆಯನ್ನೂ ಬಲ್ಲವರಿಗೆ ತೋರಿಸದೆ ಸಾರಿಗೆ ಹಾಕುವುದಿಲ್ಲ. ಮೆಕ್ಸಿಕೋದ ಮಜಾಟೆಕ್ ಬುಡಕಟ್ಟಿನ ಮಾರಿಯಾ ಸಬಿನಾ ಅಣಬೆಯನ್ನು ಬಳಸುತ್ತಿದ್ದದ್ದು ರೋಗಿಯನ್ನು ಕೂರಿಸಿಕೊಂಡು, ರಾತ್ರಿಯಿಡೀ ಹಾಡಿ ಕಾಯ್ದು. 1957ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಲೇಖನದಿಂದ ಆಕೆಯ ಊರಿನ ಸುದ್ದಿ ಹೊರಬಿದ್ದು, ಅನುಭವಕ್ಕಾಗಿ ಹೊರಗಿನವರ ದಂಡೇ ಬಂತು. ಊರಿನ ಸಿಟ್ಟು ಆಕೆಯ ಮೇಲೆ ತಿರುಗಿ ಮನೆಗೆ ಬೆಂಕಿ ಬಿತ್ತು. ಅಷ್ಟು ದೂರ ಯಾಕೆ, ನಮ್ಮಲ್ಲೇ ದೇವರು ಮೈಮೇಲೆ ಬಂದಾಗ ಸುತ್ತಲಿನವರು ಏನು ಮಾಡುತ್ತಾರೆ ನೋಡು. ಹಿಡಿದುಕೊಳ್ಳುವವರು ಇರುತ್ತಾರೆ, ಮಾತಾಡಿಸುವ ಹಿರಿಯರು ಇರುತ್ತಾರೆ, ಇಳಿದ ಮೇಲೆ ನೀರು ಕೊಟ್ಟು ಕೂರಿಸುವವರು ಇರುತ್ತಾರೆ. ಮನಸ್ಸು ತನ್ನ ಎಲ್ಲೆ ಮೀರುವ ಗಳಿಗೆಯಲ್ಲಿ ಮನುಷ್ಯನನ್ನು ಒಂಟಿಯಾಗಿ ಬಿಡಬಾರದು ಎಂದು ಹಳೆಯ ಸಮಾಜಗಳೆಲ್ಲ ಬಲ್ಲವು. ಪರಂಪರೆಯ ಹೆಸರು ಹೇಳಿ ಅಣಬೆ ಮಾರುವವರು ಪರಂಪರೆಯ ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಎರಡನೆಯ ಮಾತು ಕಾನೂನಿನದು. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿ, ಎಂಡಿಎಂಎ, ಸಿಲೋಸೈಬಿನ್ ಮೂರೂ ನಿಷಿದ್ಧ. ಇವನ್ನು ಚಿಕಿತ್ಸೆಯಾಗಿ ಕೊಡಲು ಭಾರತದಲ್ಲಿ ಯಾರಿಗೂ ಪರವಾನಗಿ ಇಲ್ಲ. ಎಲ್‌ಎಸ್‌ಡಿಯ ವಿಷಯದಲ್ಲಿ ‘ವಾಣಿಜ್ಯ ಪ್ರಮಾಣ’ ಶುರುವಾಗುವುದು 0.1 ಗ್ರಾಂನಿಂದ, ಒಂದು ಗುಲಗಂಜಿಯ ತೂಕಕ್ಕಿಂತ ತುಸು ಕಡಿಮೆ. ಆ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ಅಣಬೆಗೆ ಕೋರ್ಟೇ ವಿನಾಯಿತಿ ಕೊಟ್ಟಿದೆ ಎಂದು ಕೆಲವರು 2025ರ ಜನವರಿಯ ಕೇರಳ ಹೈಕೋರ್ಟ್ ಆದೇಶವನ್ನು ತೋರಿಸುತ್ತಾರೆ. ಅದು ಜಾಮೀನಿನ ಆದೇಶ. ಇಡೀ ಅಣಬೆಯ ತೂಕವನ್ನು ಮಾದಕದ ತೂಕವೆಂದು ಎಣಿಸಬಹುದೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಸಿಲೋಸೈಬಿನ್ ಇಂದಿಗೂ ನಿಷೇಧದ ಪಟ್ಟಿಯಲ್ಲೇ ಇದೆ. ಈ ಕಾನೂನು ಅತಿಯಾಯಿತು, ಸಂಶೋಧನೆಗೂ ಅಡ್ಡಿಯಾಯಿತು ಎಂದು ವಾದಿಸುವವರಿದ್ದಾರೆ. ಅವರ ವಾದದಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಆದರೆ ಕಾನೂನು ಬದಲಾಗುವವರೆಗೆ ಅದರ ಪರಿಣಾಮ ಒಂದೇ: ಏನಾದರೂ ಹೆಚ್ಚುಕಡಿಮೆ ಆದಾಗ ಜೊತೆಗಿದ್ದವರು ಹೆದರಿ ಆಸ್ಪತ್ರೆಗೆ ಒಯ್ಯುವುದಿಲ್ಲ. ಅಂಥ ಗಳಿಗೆಯಲ್ಲಿ ನೀನು ಯಾರ ಪಕ್ಕದಲ್ಲಾದರೂ ಇದ್ದರೆ, 108ಕ್ಕೆ ಕರೆ ಮಾಡು, ತಿಂದದ್ದೇನೆಂದು ವೈದ್ಯರಿಗೆ ಮುಚ್ಚಿಡದೆ ಹೇಳು. ಉಳಿದ ಲೆಕ್ಕವೆಲ್ಲ ಜೀವ ಉಳಿದ ಮೇಲೆ.

ಮೂರನೆಯದು ಸಿಟ್ಟಿನ ಮಾತು: ಹಿರಿಯರು ಶೆರೆ ಕುಡಿದು ಮನೆ ಹಾಳುಮಾಡಿದಾಗ ಸುಮ್ಮನಿದ್ದ ಸಮಾಜ ಈಗ ನಮಗೆ ಬುದ್ಧಿ ಹೇಳುತ್ತಿದೆ. ಈ ಸಿಟ್ಟು ನ್ಯಾಯವಾದದ್ದು. ನಮ್ಮ ತಾಲೂಕುಗಳಲ್ಲಿ ಶೆರೆ ಕೆಡಿಸಿದಷ್ಟು ಮನೆಗಳನ್ನು ಯಾವ ಅಣಬೆಯೂ ಕೆಡಿಸಿಲ್ಲ. ಆದರೂ ಎಲ್ಲರೂ ಸುಮ್ಮನಿರಲಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಸಮುದಾಯದ ಹಾಡುಗಾರ್ತಿ, ಸಾರಾಯಿಯ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿಕೊಂಡು ನಿಂತರು. ನೋವು ಮರೆಯಲು ಕುಡಿದವರ ಮನೆಯ ನೋವನ್ನು ಹೊತ್ತವರು ಯಾರು ಎಂಬುದು ಅವರಿಗೆ ಗೊತ್ತಿತ್ತು. ಶೆರೆಯ ಕೇಡು ಹೆಚ್ಚೆಂಬುದು ಇನ್ನೊಂದು ವಸ್ತುವನ್ನು ಕಾವಲಿಲ್ಲದೆ ಸೇವಿಸಲು ಕಾರಣವಾಗುವುದಿಲ್ಲ.

ಇಂದು ನಮ್ಮ ದೇಶದಲ್ಲಿ ಕಾನೂನಿನ ಬಾಗಿಲು ತೆರೆದಿರುವುದು ಕೆಟಮಿನ್ ಒಂದಕ್ಕೆ. ಅದು ಹಳೆಯ ಅರಿವಳಿಕೆ. ಶಸ್ತ್ರಚಿಕಿತ್ಸೆಯ ಕೋಣೆಗಳಲ್ಲಿ ದಶಕಗಳಿಂದ ಇದೆ. ಕಟ್ಟುನಿಟ್ಟಾಗಿ ಹೇಳಿದರೆ ಸೈಕೆಡೆಲಿಕ್ ವರ್ಗಕ್ಕೆ ಸೇರದಿದ್ದರೂ ಪ್ರಜ್ಞೆಯನ್ನು ಬದಲಿಸುತ್ತದೆ. 2011ರಲ್ಲಿ ಅದನ್ನೂ ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದ್ದಾರೆ, ಅಂದರೆ ವೈದ್ಯರ ಕೈಯಲ್ಲಿ ಮದ್ದು, ಅದರಾಚೆ ಅಪರಾಧ. ಬೇರೆ ಚಿಕಿತ್ಸೆ ಹಿಡಿಯದ ಖಿನ್ನತೆಗೆ ದೊಡ್ಡ ಆಸ್ಪತ್ರೆಗಳ ಮನೋವೈದ್ಯರು ಇದನ್ನು ಕೊಡುತ್ತಾರೆ. ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಗ್ರಾಂನಂತೆ, ಸುಮಾರು 40 ನಿಮಿಷ ರಕ್ತನಾಳದ ಮೂಲಕ, ತೋಳಿಗೆ ಒತ್ತಡ ನೋಡುವ ಪಟ್ಟಿ ಕಟ್ಟಿಕೊಂಡು. ಕೆಲವರಿಗೆ ಒಂದೇ ದಿನದಲ್ಲಿ ಕತ್ತಲು ತಿಳಿಯಾಗುತ್ತದೆ. ಬಹಳ ಮಂದಿಗೆ ಅದು ವಾರದೊಳಗೆ ಮರಳುತ್ತದೆ, ಹಾಗಾಗಿ ಮತ್ತೆ ಮತ್ತೆ ಬೇಕಾಗುತ್ತದೆ. ಸಿಕ್ಕಾಪಟ್ಟೆ ಬಳಸಿದರೆ ಮೂತ್ರಕೋಶ ಹಾಳಾಗುತ್ತದೆ. ಇಲ್ಲಿಯೂ ಕೇಳಬೇಕಾದದ್ದು ಅದೇ: ಕೊಟ್ಟ ಮೇಲೆ ಮುಂದಿನ ತಿಂಗಳು ನನ್ನನ್ನು ನೋಡುವವರು ಯಾರು?

ಯಾರಾದರೂ ‘ಇದು ಸಂಶೋಧನೆ’ ಎಂದು ಕರೆದರೆ ಭಾರತದ ಪ್ರಯೋಗ ನೋಂದಣಿಯಾದ ಸಿಟಿಆರ್‌ಐ ಸಂಖ್ಯೆ ಕೇಳು, ನೈತಿಕ ಸಮಿತಿಯ ಅನುಮತಿ ಕೇಳು, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳು. ನಿನ್ನಿಂದಲೇ ಹಣ ಕೇಳಿದರೆ ಎದ್ದು ಬಾ. ಇನ್ನೊಂದು ವಿಷಯವನ್ನು ಹಿರಿಯರು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಾರೆ, ನಾನು ಹೇಳಿಯೇಬಿಡುತ್ತೇನೆ. ಈ ಮದ್ದಿನಡಿ ಮನುಷ್ಯ ತೀರಾ ಮೃದುವಾಗುತ್ತಾನೆ, ಎದುರಿಗಿರುವವರನ್ನು ಪೂರ್ತಿ ನಂಬುತ್ತಾನೆ. ಎಂಡಿಎಂಎಯ ಒಂದು ಅಧಿಕೃತ ಪ್ರಯೋಗದಲ್ಲೇ ಚಿಕಿತ್ಸಕರು ರೋಗಿಯೊಂದಿಗೆ ಹದ್ದುಮೀರಿ ನಡೆದುಕೊಂಡದ್ದು ಬಯಲಾಗಿ, 2024ರಲ್ಲಿ ಒಂದು ವೈದ್ಯಕೀಯ ಪತ್ರಿಕೆ ಮೂರು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಕ್ಯಾಮೆರಾ, ಸಮಿತಿ, ನಿಯಮಗಳೆಲ್ಲ ಇದ್ದಲ್ಲೇ ಹೀಗಾದರೆ, ಅಪರಿಚಿತ ‘ಗುರು’ ಒಬ್ಬನೇ ಇರುವ ಕೋಣೆಯಲ್ಲಿ ಏನಾಗಬಹುದು ಎಂದು ಯೋಚಿಸು. ವಿಶೇಷವಾಗಿ ತಂಗೀ, ನೀನು ಯೋಚಿಸು.

ಎಲ್ಲ ಗುಳಿಗೆ ನುಂಗಿಯೂ ಹಾಗೇ ಇರುವವರು ಏನು ಮಾಡಬೇಕು ಎಂಬುದು ಕೊನೆಯ ಆಕ್ಷೇಪ, ಎಲ್ಲಕ್ಕಿಂತ ಭಾರವಾದದ್ದೂ ಹೌದು. ಆ ನೋವಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ ಶೇ. 32ರ ಆ ಅಂಕಿಯನ್ನು ಮತ್ತೆ ನೆನೆ. ಆಘಾತವನ್ನೇ ಹಿಡಿದು ಕ್ರಮವಾಗಿ ನಡೆಯುವ ಮಾತಿನ ಚಿಕಿತ್ಸೆ ನಮ್ಮಲ್ಲಿ ಬಹಳ ಮಂದಿಗೆ ಸಿಕ್ಕೇ ಇಲ್ಲ. ಎರಡು ನಿಮಿಷದಲ್ಲಿ ಚೀಟಿ ಬರೆಸಿಕೊಂಡು ಬಂದದ್ದನ್ನು ‘ಎಲ್ಲ ಮಾಡಿ ನೋಡಿದೆ’ ಎನ್ನುತ್ತೇವೆ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋರೋಗ ವಿಭಾಗವಿದೆ. ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಅಂಕೋಲೆಯ ಆಸ್ಪತ್ರೆಯಲ್ಲಿ ವಿಚಾರಿಸು. ಅಲ್ಲಿಗೂ ಮೀರಿದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಗುಳಿಗೆಯ ಪ್ರಮಾಣ ಬದಲಿಸುವುದು, ಇನ್ನೊಂದನ್ನು ಜೊತೆ ಸೇರಿಸುವುದು, ಅರಿವಳಿಕೆ ಕೊಟ್ಟು ಮಾಡುವ ಇಸಿಟಿ ಎಂಬ ವಿದ್ಯುತ್ ಚಿಕಿತ್ಸೆ, ಕೆಟಮಿನ್, ಹೀಗೆ ಮೆಟ್ಟಿಲುಗಳು ಇನ್ನೂ ಇವೆ. ಅಂಕೋಲೆಯಿಂದ ಧಾರವಾಡಕ್ಕೆ ಘಟ್ಟ ಹತ್ತಿ ಓಡಾಡುವುದು, ಅದಕ್ಕಾಗಿ ದಿನದ ದುಡಿಮೆ ಬಿಡುವುದು ಎಷ್ಟು ಕಷ್ಟ ಎಂಬುದನ್ನು ಮರೆತು ಹೇಳುತ್ತಿಲ್ಲ. ಈ ಸೌಕರ್ಯ ಹತ್ತಿರಕ್ಕೆ ಬರಬೇಕು ಎಂದು ಕೇಳುವುದು ನಮ್ಮೆಲ್ಲರ ಕೆಲಸ.

ಅಲ್ಲಿಯವರೆಗೆ ದೂರವಾಣಿಯಂತೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಅಣಬೆಯ ಬಗ್ಗೆ ಯೋಚಿಸುತ್ತಿದ್ದೇನೆ ಎಂಬುದನ್ನೂ ಅಲ್ಲಿ ಹೇಳಬಹುದು. ಯಾರ ಕೈಯಿಂದಲಾದರೂ ಏನನ್ನಾದರೂ ತೆಗೆದುಕೊಳ್ಳುವ ಮೊದಲು ಆ ಒಂದು ಕರೆ ಮಾಡು.

ಇಂತಿ ನಿನ್ನ ಒಳಿತು ಬಯಸುವ
ಹಿರಿಯ