ಬಚ್ಚಲಿನ ಬಿಳಿ ಪದರ: ತಿಕ್ಕುವ ಮೊದಲು ನೆನೆಸಿ

ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಚ್ಚಲು ತೊಳೆಯುವುದೆಂದರೆ ಭುಜ, ಸೊಂಟ, ಮಂಡಿ ಮೂರಕ್ಕೂ ಶಿಕ್ಷೆ. ಭಾನುವಾರ ತಿಕ್ಕಿ ತಿಕ್ಕಿ ಹೊಳೆಯಿಸಿದ ಟೈಲ್ಸ್ ಬುಧವಾರದ ಹೊತ್ತಿಗೆ ಮತ್ತೆ ಮಂಕು. ಈ ಕೆಲಸ ಬೀಳುವುದು ಬಹುಪಾಲು ಮನೆಯ ಹೆಂಗಸರ ಮೇಲೆ, ಇಲ್ಲವೇ ಮನೆಗೆಲಸಕ್ಕೆ ಬರುವವರ ಮೇಲೆ. ಇಷ್ಟೊಂದು ಶ್ರಮ ಬೇಕಾಗಿಯೇ ಇಲ್ಲ. ಪದರ ಏನೆಂದು ತಿಳಿದುಕೊಂಡು, ಸರಿಯಾದ ವಸ್ತು ಹಾಕಿ, ಕಾಲು ಗಂಟೆ ಕಾಯುವ ತಾಳ್ಮೆ ಇದ್ದರೆ ಸಾಕು.

1. ಉಗುರಿನಿಂದ ಕೆರೆದು ನೋಡಿ. ಉಗುರಿನ ಸಂದಿಗೆ ಬೂದುಬಿಳಿಯ ಮೇಣದಂಥ ಜಿಡ್ಡು ಸುರುಳಿಯಾಗಿ ಬಂದರೆ ಅದು ಸೋಪಿನ ಪದರ. ಉಗುರಿಗೆ ಜಗ್ಗದೆ, ಮುಟ್ಟಿದರೆ ಒರಟಾಗಿದ್ದು, ಒಂದು ಹನಿ ನಿಂಬೆರಸಕ್ಕೆ ಸಣ್ಣಗೆ ನೊರೆಗುಟ್ಟಿದರೆ ಅದು ನೀರಿನ ಸುಣ್ಣ. ಹೆಚ್ಚಿನ ಬಚ್ಚಲುಗಳಲ್ಲಿ ಎರಡೂ ಒಂದರ ಮೇಲೊಂದು ಕೂತಿರುತ್ತವೆ.

2. ಪದರ ಹುಟ್ಟುವ ಬಗೆ ತಿಳಿಯಿರಿ. ಸೋಪು ಎಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದಕ್ಕೆ ಸೇರಿದ ಕೂಡಲೇ ನೀರಿನಲ್ಲಿ ಕರಗದ ಹೊಸ ವಸ್ತುವಾಗುತ್ತದೆ. ಅದೇ ಗೋಡೆಗೆ, ಬಕೆಟ್ಟಿಗೆ, ಕೂದಲಿಗೆ ಅಂಟುವುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. 300 ಮಿಲಿಗ್ರಾಂ ಗಡಸುತನದ 20 ಲೀಟರ್ ಬಕೆಟ್ಟಿನಲ್ಲಿ 6 ಗ್ರಾಂ ಸುಣ್ಣದಂಶ ಇರುತ್ತದೆ. ಅದರ ಒಂದೊಂದು ಗ್ರಾಮೂ ಸುಮಾರು 6 ಗ್ರಾಂ ಸೋಪನ್ನು ನುಂಗಬಲ್ಲದು. ನೊರೆ ಬರಲಿಲ್ಲವೆಂದು ಮತ್ತೆ ಮತ್ತೆ ಸೋಪು ಉಜ್ಜಿದಷ್ಟೂ ಪದರ ದಪ್ಪವಾಗುತ್ತದೆ.

3. ಹುಳಿ ಮತ್ತು ಲಿಕ್ವಿಡ್ ಎರಡೂ ಬೇಕು. ಇಡೀ ಕೆಲಸದ ಗುಟ್ಟು ಇಲ್ಲಿದೆ. ಹುಳಿ ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆ, ಆದರೆ ಹಿಂದೆ ಕೊಬ್ಬಿನ ಜಿಡ್ಡು ಉಳಿಯುತ್ತದೆ. ಬರೀ ವಿನೆಗರ್ ಹಾಕಿ 'ಏನೂ ಆಗಲಿಲ್ಲ' ಎನ್ನುವವರು ಎಡವುವುದು ಇಲ್ಲೇ. ಆ ಜಿಡ್ಡನ್ನು ಎತ್ತುವುದು ಪಾತ್ರೆ ತೊಳೆಯುವ ಲಿಕ್ವಿಡ್. ಅರ್ಧ ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ, ಒಂದು ಚಮಚ ಲಿಕ್ವಿಡ್ ಸೇರಿಸಿ. ಪುಡಿ ಸಿಗದಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ. ಮೊದಲು ಗೋಡೆಗೆ ಬರೀ ನೀರು ಎರಚಿ. ಟೈಲ್ಸ್ ನಡುವಿನ ಸಿಮೆಂಟು ಆ ನೀರನ್ನು ಕುಡಿದಿದ್ದರೆ ಹುಳಿಯನ್ನು ಅಷ್ಟಾಗಿ ಹೀರುವುದಿಲ್ಲ. ಆಮೇಲೆ ಮಿಶ್ರಣ ಚಿಮುಕಿಸಿ. ಗೋಡೆಯಿಂದ ಇಳಿದುಹೋಗದಂತೆ ಹಳೆಯ ಬಟ್ಟೆಯನ್ನು ಅದರಲ್ಲೇ ಅದ್ದಿ ಅಂಟಿಸಿ. ಹದಿನೈದು ನಿಮಿಷ ಬಚ್ಚಲಿನ ಕಡೆ ತಲೆ ಹಾಕಬೇಡಿ. ಬಂದು ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಹಾಲಿನಂಥ ನೀರು ಇಳಿಯುತ್ತದೆ. ಹಳೆಯ ಪದರಕ್ಕೆ ಇನ್ನೊಂದು ಸುತ್ತು ಬೇಕಾಗಬಹುದು. ಆಗಲೂ ಬಲ ಹಾಕಬೇಡಿ, ಸಮಯ ಕೊಡಿ.

4. ಸ್ಟೀಲ್ ನಾರು ದೂರವಿಡಿ. ಅದು ಗೀರಿದ ಗೆರೆಗಳೊಳಗೆ ಮುಂದಿನ ಪದರ ಇನ್ನೂ ಭದ್ರವಾಗಿ ಕೂರುತ್ತದೆ.

5. ಅಡುಗೆ ಸೋಡಾ, ವಿನೆಗರ್ ಬೆರೆಸಬೇಡಿ. ವಿಡಿಯೋಗಳಲ್ಲಿ ಬುಸುಬುಸು ನೊರೆ ನೋಡಲು ಚೆನ್ನ. ಆದರೆ ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು, ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

6. ನೆಲದ ಕಲ್ಲು ಯಾವುದೆಂದು ನೋಡಿ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಡಪಾ ಕಲ್ಲು ಎರಡೂ ಸುಣ್ಣದ ಕಲ್ಲುಗಳು. ಅಮೃತಶಿಲೆಯೂ ಅದೇ ಜಾತಿ. ಇವುಗಳ ಮೇಲೆ ನಿಂಬೆ, ವಿನೆಗರ್, ಹುಣಸೆಹುಳಿ ಯಾವುದು ಬಿದ್ದರೂ ಪದರದ ಜೊತೆ ಕಲ್ಲೂ ಸವೆದು ಹೊಳಪು ಶಾಶ್ವತವಾಗಿ ಹೋಗುತ್ತದೆ. ಇಂಥ ನೆಲಕ್ಕೆ ಬಿಸಿನೀರು, ಲಿಕ್ವಿಡ್, ಮೆತ್ತನೆಯ ಬ್ರಷ್ ಅಷ್ಟೇ. ಅಡುಗೆ ಸೋಡಾಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ: ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿ, ನಯವಾಗಿ ಉಜ್ಜಿ.

7. ಆಸಿಡ್ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ಬೇಡ. ಟಾಯ್ಲೆಟ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಇದು ಪ್ರಾಣಕ್ಕೇ ಅಪಾಯ. ವಿನೆಗರ್ ಜೊತೆಗೂ ಇದೇ ಮಾತು. ಕೆಲಸಕ್ಕೆ ಬರುವವರಿಗೆ ಬಾಟಲಿಗಳನ್ನು ಕೈಗೆ ಕೊಡುವಾಗಲೇ ಇದನ್ನು ಬಾಯಿಬಿಟ್ಟು ಹೇಳಿ, ಗ್ಲೌಸನ್ನೂ ಕೊಡಿ.

8. ನಲ್ಲಿ, ಶವರ್‌ಗೆ ಅರ್ಧ ಗಂಟೆ ಮೀರಬಾರದು. ಪ್ಲಾಸ್ಟಿಕ್ ಕವರಿನಲ್ಲಿ ನೀರು ಬೆರೆಸಿದ ವಿನೆಗರ್ ತುಂಬಿ ಶವರಿನ ಮುಖಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಕಟ್ಟಿಕೊಂಡ ತೂತುಗಳು ಬಿಡುತ್ತವೆ. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಲೇಪ ಹಾಳು.

9. ಕಾಲಡಿಯ ಜಾಗ ಮರೆಯಬೇಡಿ. ಗೋಡೆಯ ಪದರ ಕಣ್ಣಿಗೆ ಕಾಣುತ್ತದೆ, ನೆಲದ್ದು ಕಾಣುವುದಿಲ್ಲ. ಒದ್ದೆಯಾದಾಗ ಅದು ಜಾರುತ್ತದೆ. ವಯಸ್ಸಾದ ಅಜ್ಜಿ, ತಾತ ಸ್ನಾನಕ್ಕೆ ನಿಲ್ಲುವುದು ಅಲ್ಲೇ. ಮನೆಯಲ್ಲಿ ಹಿರಿಯರಿದ್ದರೆ ಗೋಡೆ ಮುಂದಿನ ವಾರಕ್ಕಿರಲಿ, ನೆಲ ಮತ್ತು ಸ್ನಾನದ ಮಣೆಯ ಕಾಲುಗಳು ಇವತ್ತೇ ಆಗಲಿ.

10. ಸ್ನಾನ ಮುಗಿಸಿದವರೇ ವೈಪರ್ ಎಳೆಯಲಿ. ಗೋಡೆಗೆ ಕಿರಿದಾದ ವೈಪರ್, ನೆಲಕ್ಕೆ ದೊಡ್ಡದು, ಎರಡೂ ಬಚ್ಚಲಲ್ಲೇ ತೂಗುಹಾಕಿ. ನೀರು ಒಣಗಿದಲ್ಲೇ ಸುಣ್ಣ ಉಳಿಯುವುದು. ಒಣಗುವ ಮೊದಲೇ ಎಳೆದು ಹಾಕಿದರೆ ಒಂದು ನಿಮಿಷದ ಕೆಲಸ. ಮಕ್ಕಳಿಗೂ, ಗಂಡಸರಿಗೂ ಈ ನಿಯಮ ಅನ್ವಯಿಸಲಿ. ಬಕೆಟ್, ಮಗ್ಗನ್ನು ಬೋರಲು ಹಾಕಿ. ಸೋಪಿನ ಪೆಟ್ಟಿಗೆಗೆ ತೂತಿರಲಿ.

11. ಸೋಪು ಬದಲಿಸುವುದೂ ಒಂದು ದಾರಿ. ದುಬಾರಿ ಸೋಪು ತಂದರೆ ಪದರ ಬರುವುದಿಲ್ಲ ಎಂಬುದು ತಪ್ಪು. ಕೊಬ್ಬಿನಾಮ್ಲ ಹೆಚ್ಚಿರುವ ಒಳ್ಳೆಯ ಸೋಪೂ ಗಡಸು ನೀರಿನಲ್ಲಿ ಪದರ ಬಿಡುತ್ತದೆ. ಸೋಪಿನ ಬದಲು ಡಿಟರ್ಜೆಂಟ್ ಆಧಾರದ ಬಾಡಿ ವಾಶ್ ಬಳಸಿದರೆ ಈ ತೊಂದರೆ ತೀರಾ ಕಡಿಮೆ. ಸೀಗೆಪುಡಿ, ಅಂಟುವಾಳದ ನೊರೆ ಬರುವುದು ಸಪೋನಿನ್‌ನಿಂದ. ಅದು ಸೋಪಿನ ಹಾಗೆ ಸುಣ್ಣದ ಜೊತೆ ಸೇರಿ ಮೇಣವಾಗುವುದಿಲ್ಲ.

12. ಸಾಧ್ಯವಾದರೆ ನೀರನ್ನೇ ಮೆದುಗೊಳಿಸಿ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯ ನಂತರ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಆ ನೀರನ್ನು ಶೋಧಿಸಿ ಸಂಪಿಗೆ ಬಿಟ್ಟು ಬೋರ್ ನೀರಿನೊಂದಿಗೆ ಬೆರೆಸಿದರೆ ಮಳೆಗಾಲವಿಡೀ ಬಚ್ಚಲಿಗೆ ಬಿಡುವು. ಸಾಫ್ಟನರ್ ಹಾಕಿಸುವವರು ಅದರ ರೆಸಿನ್‌ಗೆ ಆಗಾಗ ಉಪ್ಪುನೀರು ಹಾಯಿಸಲೇಬೇಕು, ಇಲ್ಲದಿದ್ದರೆ ಯಂತ್ರವಿದ್ದೂ ಗಡಸು ನೀರೇ ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಟೈಲ್ಸ್ ಮೇಲೆ ಇದ್ದಕ್ಕಿದ್ದಂತೆ ಪದರ ಹೆಚ್ಚಿದರೆ ಮೊದಲು ವಿಚಾರಿಸಬೇಕಾದದ್ದು ಇದನ್ನೇ: ಸಾಫ್ಟನರ್‌ಗೆ ಉಪ್ಪು ಹಾಕಿ ಎಷ್ಟು ದಿನವಾಯಿತು?