ದವಡೆಯ ಕೀಲು ನೋವು: ಹಲ್ಲು ಕೀಳಿಸುವ ಮುನ್ನ ವ್ಯಾಯಾಮ

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಹಲ್ಲೂ ಗಟ್ಟಿಯಾಗಿದ್ದು, ಕಡಲೆಯೂ ಮುಂದಿದ್ದು, ಅಗಿಯಲಾಗದೆ ಕೂರುವವರ ಪಾಡು ಈ ಗಾದೆಯಲ್ಲಿ ಬರುವುದಿಲ್ಲ. ಅಂಥವರೊಬ್ಬರ ವಿಷಯದಿಂದಲೇ ಈ ವಾರದ ಲೇಖನವನ್ನು ಆರಂಭಿಸುತ್ತೇನೆ.

ಮೂವತ್ತೆರಡು ವರ್ಷದ ಆ ಗೃಹಿಣಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಬಲಗಿವಿ ನೋವು ಎಂದು ನನ್ನ ಬಳಿಗೆ ಬಂದರು. ಕಿವಿಯಲ್ಲಿ ಸ್ವಲ್ಪ ಗುಗ್ಗೆ ಕಂಡಿತು. ಹನಿ ಔಷಧ ಬರೆದುಕೊಟ್ಟೆ. ಹತ್ತು ದಿನ ಬಿಟ್ಟು ಮತ್ತೆ ಬಂದಾಗ ಔಷಧ ಬದಲಿಸಿದೆ. ಮೂರನೆಯ ಸಲ ಅವರು ಬಂದದ್ದು ಎರಡು ತಿಂಗಳ ನಂತರ. ಅಷ್ಟರಲ್ಲಿ ಇದು ಹಲ್ಲಿನ ನೋವೇ ಇರಬೇಕೆಂದು ಬೇರೆ ಕಡೆ ಹೋಗಿ ಬಲಭಾಗದ ದವಡೆಹಲ್ಲೊಂದನ್ನು ಕೀಳಿಸಿಕೊಂಡಿದ್ದರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ‘ಡಾಕ್ಟ್ರೇ, ಪಕ್ಕದ ಹಲ್ಲನ್ನೂ ಕೀಳಿಸಿಬಿಡಲೇ?’ ಎಂದು ಕೇಳಿದರು.

ನಾನು ಮೊದಲ ದಿನವೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಅಂದು ಮಾಡಿದೆ. ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಬಾಯಿ ತೆರೆದು ಮುಚ್ಚಲು ಹೇಳಿದೆ. ಬಲಗಡೆ ಬೆರಳಿನಡಿ ‘ಟಕ್’ ಎಂದಿತು. ಅಲ್ಲಿ ಮೆಲ್ಲಗೆ ಒತ್ತಿದರೂ ಮುಖ ಹಿಂಡಿದರು. ಎರಡು ಬೆರಳು ಹಿಡಿಯುವಷ್ಟು ಮಾತ್ರ ಬಾಯಿ ತೆರೆಯುತ್ತಿತ್ತು. ನೋವು ಕಿವಿಯದೂ ಆಗಿರಲಿಲ್ಲ, ಹಲ್ಲಿನದೂ ಆಗಿರಲಿಲ್ಲ. ಅದು ದವಡೆಯ ಕೀಲಿನ ನೋವಾಗಿತ್ತು.

ಎಲ್ಲಿದೆ ಈ ಕೀಲು?

ನಿಮ್ಮ ತೋರುಬೆರಳುಗಳನ್ನು ಕಿವಿಗಳ ಮುಂದೆ ಇಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಿನಡಿ ಏನೋ ಉರುಳಿ ಮುಂದಕ್ಕೆ ಜಾರಿದಂತಾಗುತ್ತದೆಯಲ್ಲವೇ? ಅದೇ ದವಡೆಯ ಕೀಲು. ಕೆಳದವಡೆಯ ಮೂಳೆಯ ದುಂಡನೆಯ ತುದಿ ತಲೆಬುರುಡೆಯ ಒಂದು ತಗ್ಗಿನಲ್ಲಿ ಕೂತಿರುತ್ತದೆ. ಎರಡರ ನಡುವೆ ಮೆತ್ತೆಯಂಥ ತೆಳುವಾದ ಬಿಲ್ಲೆಯೊಂದಿದೆ. ಬಾಯಿ ತೆರೆಯುವಾಗ ಈ ಕೀಲು ಮೊದಲು ಬಾಗಿಲಿನಂತೆ ತಿರುಗುತ್ತದೆ, ಆಮೇಲೆ ಮೇಜಿನ ಡ್ರಾಯರಿನಂತೆ ಮುಂದಕ್ಕೆ ಜಾರುತ್ತದೆ. ಬಲ ಮತ್ತು ಎಡ ಕೀಲುಗಳು ಒಂದೇ ಮೂಳೆಯ ಎರಡು ತುದಿಗಳಾದುದರಿಂದ ಒಂದನ್ನು ಬಿಟ್ಟು ಇನ್ನೊಂದು ಆಡುವಂತಿಲ್ಲ.

ಈಗ ಹಲ್ಲು ಕಚ್ಚಿ ಹಿಡಿಯಿರಿ. ಕೆನ್ನೆಯಲ್ಲಿ ಮತ್ತು ಕಣತಲೆಯಲ್ಲಿ ಗಟ್ಟಿಯಾಗುವ ಸ್ನಾಯುಗಳೇ ದವಡೆಯನ್ನು ಎತ್ತಿ ಹಿಡಿಯುವಂಥವು. ಬಹಳಷ್ಟು ರೋಗಿಗಳಲ್ಲಿ ನೋವಿನ ಮೂಲ ಮೂಳೆಯಲ್ಲ, ದಣಿದು ಬಿಗಿದುಕೊಂಡಿರುವ ಈ ಸ್ನಾಯುಗಳು. ಕೀಲು ಕಿವಿಗೆ ಅಂಟಿಕೊಂಡಂತೆ ಇರುವುದರಿಂದ ನೋವು ಕಿವಿಯದೆನಿಸುತ್ತದೆ. ಸ್ನಾಯುವಿನ ನೋವು ಹಲ್ಲಿಗೂ ತಲೆಗೂ ಹರಡುತ್ತದೆ. ರೋಗಿಯೂ ಮೋಸ ಹೋಗುತ್ತಾರೆ, ನನ್ನಂಥ ವೈದ್ಯರೂ ಮೋಸ ಹೋಗುತ್ತಾರೆ.

ಕಾರಣಗಳು

ಆರೋಗ್ಯವಂತರಲ್ಲಿ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗುವುದು ದಿನಕ್ಕೆ ಒಟ್ಟು ಅರ್ಧ ಗಂಟೆಗಿಂತ ಕಡಿಮೆ. ಊಟ ಮಾಡುವಾಗ, ಉಗುಳು ನುಂಗುವಾಗ, ಅಷ್ಟೆ. ಉಳಿದ ಹೊತ್ತೆಲ್ಲ ಹಲ್ಲುಗಳ ನಡುವೆ ಸ್ವಲ್ಪ ಅಂತರ ಇರಬೇಕು. ಆದರೆ ಪರೀಕ್ಷೆಗೆ ಓದುವ ವಿದ್ಯಾರ್ಥಿ, ಲೆಕ್ಕದ ಪುಸ್ತಕದ ಮೇಲೆ ಬಾಗಿದ ಗುಮಾಸ್ತ, ಮೊಬೈಲು ಹಿಡಿದು ಕೂತ ಯುವಕ, ಮನೆಯ ಚಿಂತೆ ಹೊತ್ತ ಗೃಹಿಣಿ ತಮಗೆ ಅರಿವಿಲ್ಲದೆಯೇ ಹಲ್ಲು ಕಚ್ಚಿಕೊಂಡಿರುತ್ತಾರೆ. ಕೆಲವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ. ಉಗುರು ಕಚ್ಚುವುದು, ಸದಾ ಚ್ಯೂಯಿಂಗ್ ಗಮ್ ಅಗಿಯುವುದು, ಗದ್ದಕ್ಕೆ ಬಿದ್ದ ಪೆಟ್ಟು, ಸಂಧಿವಾತ ಇವೂ ಕಾರಣಗಳೇ. ಇಪ್ಪತ್ತರಿಂದ ನಲವತ್ತು ವರ್ಷದ ಮಹಿಳೆಯರಲ್ಲಿ ಈ ತೊಂದರೆ ಹೆಚ್ಚು.

ನಮ್ಮ ಗೃಹಿಣಿಯನ್ನು ವಿಚಾರಿಸಿದೆ. ಹೊಲಿಯುವಾಗ ದಾರವನ್ನು ಕತ್ತರಿಯಿಂದ ಕತ್ತರಿಸದೆ ಹಲ್ಲಿನಿಂದಲೇ ಕಚ್ಚಿ ತುಂಡು ಮಾಡುತ್ತಿದ್ದರು. ದಿನಕ್ಕೆಷ್ಟು ಸಲವೋ ಅವರಿಗೇ ಲೆಕ್ಕವಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯಲು ಅಡ್ಡಿಯಿಲ್ಲದೆ ಬರೀ ‘ಟಕ್ ಟಕ್’ ಸದ್ದು ಮಾತ್ರ ಬರುತ್ತಿದ್ದರೆ ಅದು ರೋಗವಲ್ಲ. ಅದಕ್ಕೆ ಚಿಕಿತ್ಸೆಯೂ ಬೇಡ, ಗಾಬರಿಯೂ ಬೇಡ.

ಅವಸರದ ಚಿಕಿತ್ಸೆಯ ಅಪಾಯ

1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞ ಜೇಮ್ಸ್ ಕಾಸ್ಟನ್ ಅವರು ಕಿವಿಯ ಹಲವು ತೊಂದರೆಗಳಿಗೆ ದವಡೆಯ ಕೀಲು ಕಾರಣವೆಂದು ಬರೆದರು. ಹಿಂಬದಿಯ ಹಲ್ಲು ಹೋಗಿ ಕಚ್ಚುವಿಕೆ ತಪ್ಪುವುದೇ ಇದಕ್ಕೆ ಮೂಲ ಎಂದು ಅವರು ಭಾವಿಸಿದ್ದರು. ಮುಂದೆ ದಶಕಗಳ ಕಾಲ ಹಲ್ಲುಗಳನ್ನು ಉಜ್ಜಿ ಸಮ ಮಾಡುವ, ಕಚ್ಚುವಿಕೆಯನ್ನೇ ಬದಲಿಸುವ ಚಿಕಿತ್ಸೆಗಳು ನಡೆದವು. 1980ರ ದಶಕದಲ್ಲಿ ಅಮೆರಿಕದಲ್ಲಿ ಅನೇಕ ರೋಗಿಗಳ ಕೀಲಿನ ಬಿಲ್ಲೆಯನ್ನು ತೆಗೆದು ಟೆಫ್ಲಾನ್ ಬಳಸಿದ ಕೃತಕ ಬಿಲ್ಲೆ ಕೂರಿಸಲಾಯಿತು. ಅವು ಒಳಗೇ ಪುಡಿಯಾಗಿ ಸುತ್ತಲಿನ ಮೂಳೆಯನ್ನು ಸವೆಸಿದವು. 1990ರ ದಶಕದ ಆರಂಭದಲ್ಲಿ ಅವುಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಆದರೆ ಆ ರೋಗಿಗಳ ಕೀಲು ಮೊದಲಿನಂತಾಗಲಿಲ್ಲ.

ಇಂದಿನ ತಿಳಿವಳಿಕೆ ಬೇರೆ. 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ದೀರ್ಘಕಾಲದ ದವಡೆ ಕೀಲು ನೋವಿಗೆ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಅದು ಬಲವಾಗಿ ಶಿಫಾರಸು ಮಾಡಿದ್ದು ತರಬೇತಾದ ಭೌತಚಿಕಿತ್ಸಕರ ಮಾರ್ಗದರ್ಶನದ ದವಡೆ ವ್ಯಾಯಾಮ, ಕುತ್ತಿಗೆ ಮತ್ತು ಭಂಗಿಯ ವ್ಯಾಯಾಮ, ಕೈಯಿಂದ ಕೀಲನ್ನು ಸಡಿಲಿಸುವುದು, ಸ್ನಾಯುವಿನ ಗಂಟುಗಳನ್ನು ಒತ್ತಿ ಬಿಡಿಸುವುದು, ಮನೆಯಲ್ಲಿ ಮಾಡುವ ವ್ಯಾಯಾಮ, ಮತ್ತು ನೋವನ್ನು ನಿಭಾಯಿಸಲು ಕಲಿಸುವ ಮನೋಚಿಕಿತ್ಸೆ, ಇವುಗಳನ್ನು. ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆ ಬೇಡವೆಂದು ಅಷ್ಟೇ ಬಲವಾಗಿ ಹೇಳಿತು. ಮತ್ತೆ ಮೊದಲಿನಂತೆ ಮಾಡಲಾಗದ ಯಾವ ಚಿಕಿತ್ಸೆಗೂ ಮೊದಲೇ ಒಪ್ಪಬೇಡಿ ಎಂಬುದು ಇದರ ಸಾರ.

ಮನೆಯಲ್ಲಿ ಮಾಡುವ ವ್ಯಾಯಾಮ

ಚಿಲಿ ದೇಶದ ಭೌತಚಿಕಿತ್ಸಕ ಮರಿಯಾನೊ ರೊಕಬಾಡೊ ಅವರ ಹೆಸರಿನಲ್ಲಿ ಆರು ವ್ಯಾಯಾಮಗಳ ಕ್ರಮವೊಂದು ಪ್ರಸಿದ್ಧವಾಗಿದೆ. ಪ್ರತಿಯೊಂದನ್ನು ಆರು ಸಲ, ದಿನಕ್ಕೆ ಆರು ಬಾರಿ ಮಾಡಬೇಕು. ಅವುಗಳಲ್ಲಿ ಸುಲಭವಾದ ನಾಲ್ಕನ್ನು ಇಲ್ಲಿ ಕೊಟ್ಟಿದ್ದೇನೆ.

ಒಂದು: ‘ಲ’ ಎಂದು ಹೇಳಿ. ನಾಲಿಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂದೆ ಅಂಗುಳಕ್ಕೆ ತಾಗುತ್ತದೆ. ನಾಲಿಗೆ ಅಲ್ಲೇ ಇರಲಿ. ಇನ್ನು ‘ಅಮ್ಮ’ ಎನ್ನುವಾಗ ‘ಮ್’ ಅಕ್ಷರದಲ್ಲಿ ತುಟಿಗಳು ಸೇರುತ್ತವೆ, ಹಲ್ಲುಗಳು ಸೇರುವುದಿಲ್ಲ. ತುಟಿ, ಹಲ್ಲು ಹಾಗೆಯೇ ಇರಲಿ. ಮೂಗಿನಿಂದ ನಿಧಾನವಾಗಿ ಆರು ಸಲ ಉಸಿರಾಡಿ. ಇದು ದವಡೆಯ ವಿಶ್ರಾಂತಿಯ ಭಂಗಿ. ದಿನವಿಡೀ ದವಡೆ ಇದೇ ಭಂಗಿಯಲ್ಲಿರಬೇಕು.

ಎರಡು: ಕನ್ನಡಿಯ ಮುಂದೆ ಕುಳಿತು, ನಾಲಿಗೆಯನ್ನು ಅಂಗುಳದಿಂದ ತೆಗೆಯದೆ ಬಾಯಿ ತೆರೆದು ಮುಚ್ಚಿ. ಗದ್ದ ಒಂದು ಪಕ್ಕಕ್ಕೆ ವಾಲದೆ ನೇರವಾಗಿ ಇಳಿಯಬೇಕು. ನಾಲಿಗೆ ಅಂಗುಳ ಬಿಡುವಂತಾದರೆ ಅಲ್ಲಿಗೇ ನಿಲ್ಲಿಸಿ.

ಮೂರು: ಹೆಬ್ಬೆರಳನ್ನು ಗದ್ದದ ಕೆಳಗಿಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ. ಆ ಒತ್ತಡಕ್ಕೆ ಎದುರಾಗಿ ಬಾಯಿ ತೆರೆಯಲು ಆರು ಸೆಕೆಂಡು ಪ್ರಯತ್ನಿಸಿ. ಅನಂತರ ಬೆರಳನ್ನು ಗದ್ದದ ಬಲಕ್ಕೆ, ಎಡಕ್ಕೆ ಇಟ್ಟು ಹಾಗೆಯೇ ಮಾಡಿ. ದವಡೆ ಅಲುಗಬಾರದು. ಬಲ ಪ್ರಯೋಗ ಬೇಡ.

ನಾಲ್ಕು: ಬೆನ್ನು ನೇರ ಮಾಡಿ ಕುಳಿತು, ತಲೆ ಬಾಗಿಸದೆ ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ. ಭುಜಗಳೂ ಹಿಂದಕ್ಕೆ ಹೋಗಲಿ. ಕುತ್ತಿಗೆ ಮುಂದೆ ಚಾಚಿ ಕೂರುವವರ ದವಡೆಯ ಸ್ನಾಯುಗಳು ಬೇಗ ದಣಿಯುತ್ತವೆ.

ವ್ಯಾಯಾಮಕ್ಕೆ ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಹತ್ತು-ಹದಿನೈದು ನಿಮಿಷ ಶಾಖ ಕೊಟ್ಟರೆ ಸ್ನಾಯುಗಳು ಸಡಿಲವಾಗುತ್ತವೆ. ಈಗಷ್ಟೇ ಪೆಟ್ಟು ಬಿದ್ದು ಊದಿದ್ದರೆ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ವ್ಯಾಯಾಮದಿಂದ ನೋವು ಹೆಚ್ಚಾದರೆ ನಿಲ್ಲಿಸಿ, ವೈದ್ಯರನ್ನು ಕೇಳಿ.

ಭೌತಚಿಕಿತ್ಸಕರು ಮಾಡುವುದೇನು?

ಅವರು ಕೈಗವಸು ಹಾಕಿಕೊಂಡು ಹೆಬ್ಬೆರಳನ್ನು ಕೆಳಗಿನ ದವಡೆಹಲ್ಲಿನ ಮೇಲಿಟ್ಟು ಕೀಲನ್ನು ಹದವಾಗಿ ಕೆಳಕ್ಕೂ ಮುಂದಕ್ಕೂ ಎಳೆಯುತ್ತಾರೆ. ಕೆನ್ನೆಯ ಒಳಗಿನಿಂದಲೂ ಹೊರಗಿನಿಂದಲೂ ಸ್ನಾಯುವಿನ ಗಂಟುಗಳನ್ನು ಒತ್ತಿ ಬಿಡಿಸುತ್ತಾರೆ. ಇದನ್ನು ಯೂಟ್ಯೂಬ್ ನೋಡಿಕೊಂಡು ಮನೆಯವರಿಂದ ಮಾಡಿಸಿಕೊಳ್ಳಬೇಡಿ. ವಿದ್ಯುತ್ ಕಂಪನ, ಲೇಸರ್ ಮುಂತಾದ ಯಂತ್ರಗಳ ಚಿಕಿತ್ಸೆಗಿಂತ ಕೈಯ ಚಿಕಿತ್ಸೆಗೂ ನೀವೇ ಮಾಡುವ ವ್ಯಾಯಾಮಕ್ಕೂ ಹೆಚ್ಚಿನ ಆಧಾರವಿದೆ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ತಟ್ಟೆ ಹಲ್ಲು ಕಡಿಯುವವರ ಹಲ್ಲಿನ ಸವೆತ ತಡೆಯಬಹುದು. ಆದರೆ ನೋವಿಗೆ ಅದೊಂದನ್ನೇ ನಂಬಬೇಡಿ.

ಊಟ, ಅಭ್ಯಾಸ

ನೋವಿರುವಷ್ಟು ದಿನ ಚಕ್ಕುಲಿ, ನಿಪ್ಪಟ್ಟು, ಕಡಕ್ ರೊಟ್ಟಿ, ಕಬ್ಬು, ಕೊಬ್ಬರಿ ದೂರವಿರಲಿ. ಇಡ್ಲಿ, ಉಪ್ಪಿಟ್ಟು, ಮೆತ್ತಗಿನ ಅನ್ನ-ಸಾರು ಒಳ್ಳೆಯದು. ಅಗಿಯದೆ ನುಂಗುವ ರಾಗಿಮುದ್ದೆ ಈ ರೋಗಿಗಳಿಗೆ ಹೇಳಿ ಮಾಡಿಸಿದ ಆಹಾರ. ಹಣ್ಣನ್ನು ಕಚ್ಚಿ ತಿನ್ನದೆ ಹೆಚ್ಚಿಕೊಂಡು ತಿನ್ನಿ. ಆಕಳಿಕೆ ಬಂದಾಗ ಗದ್ದದಡಿ ಮುಷ್ಟಿ ಕೊಟ್ಟು, ಬಾಯಿ ಅತಿಯಾಗಿ ತೆರೆಯದಂತೆ ತಡೆಯಿರಿ. ಬಾಗಿಲ ಮೇಲೆ, ಟಿ.ವಿ. ಪಕ್ಕದಲ್ಲಿ, ಹೊಲಿಗೆ ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿ: ‘ಹಲ್ಲಿಗೆ ಹಲ್ಲು ತಾಗಿದೆಯೇ?’ ಅದು ಕಣ್ಣಿಗೆ ಬಿದ್ದಾಗಲೆಲ್ಲ ದವಡೆಯನ್ನು ಸಡಿಲಿಸಿ.

ವ್ಯಾಯಾಮ ಸಾಲದ ಸಂದರ್ಭಗಳು

ದವಡೆಯ ನೋವೆಲ್ಲ ಕೀಲಿನದಲ್ಲ. ಈ ಕೆಳಗಿನವು ಕಂಡರೆ ತಡ ಮಾಡಬೇಡಿ.

ದವಡೆ ನೋವಿನೊಂದಿಗೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹೃದಯಾಘಾತವಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.

ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ಸೋತು ನೋಯುವುದು, ಹೊಸದಾಗಿ ಕಣತಲೆ ನೋವು, ದೃಷ್ಟಿ ಮಂಜಾಗುವುದು ಒಟ್ಟಿಗೆ ಕಂಡರೆ ಅದು ತಲೆಯ ರಕ್ತನಾಳದ ಉರಿಯೂತವಿರಬಹುದು. ಅಂದೇ ಆಸ್ಪತ್ರೆಗೆ ಹೋಗದಿದ್ದರೆ ಕಣ್ಣು ಹೋಗುವ ಅಪಾಯವಿದೆ.

ಗಾಯವಾದ ಕೆಲವು ದಿನಗಳ ಮೇಲೆ ದವಡೆ ಸೆಟೆದುಕೊಂಡರೆ ಧನುರ್ವಾಯುವನ್ನು ಶಂಕಿಸಬೇಕು. ಜ್ವರ, ಕೆನ್ನೆಯ ಬಾವು ಇದ್ದರೆ ಹಲ್ಲಿನ ಕೀವು ಇರಬಹುದು. ಆಕಳಿಸಿದಾಗ ತೆರೆದ ಬಾಯಿ ಮುಚ್ಚಲಾಗದಿದ್ದರೆ ಕೀಲು ತಪ್ಪಿದೆ ಎಂದರ್ಥ. ಮನೆಯಲ್ಲಿ ಯಾರೂ ಅದನ್ನು ಒತ್ತಿ ಕೂರಿಸಲು ಹೋಗಬಾರದು.

ಇನ್ನೊಂದು ಎಚ್ಚರಿಕೆ ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ನಮ್ಮ ರಾಜ್ಯದವರಿಗೆ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ, ಖಾರ ತಿಂದರೆ ಉರಿಯಾಗಿ, ತಿಂಗಳಿಂದ ತಿಂಗಳಿಗೆ ಬಾಯಿ ಕಿರಿದಾಗುತ್ತಾ ಬರುತ್ತದೆ. ಇದು ಕೀಲಿನ ರೋಗವಲ್ಲ, ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ರೋಗ. ನಿಮ್ಮದೇ ಮೂರು ಬೆರಳುಗಳನ್ನು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಹಿಡಿಸದಿದ್ದರೆ ದಂತವೈದ್ಯರಿಗೆ ಬಾಯಿ ತೋರಿಸಿ, ಅಡಿಕೆ ಅಗಿಯುವುದನ್ನು ಅಂದೇ ಬಿಡಿ.

ಕೊನೆಯ ಮಾತು

ಆ ಗೃಹಿಣಿಯನ್ನು ಮೊದಲು ದಂತವೈದ್ಯರಿಗೆ ತೋರಿಸಿ, ಉಳಿದ ಹಲ್ಲುಗಳು ಗಟ್ಟಿಯಾಗಿವೆ ಎಂದು ಖಚಿತಪಡಿಸಿಕೊಂಡೆ. ಅನಂತರ ಭೌತಚಿಕಿತ್ಸೆ ವಿಭಾಗಕ್ಕೆ ಕಳುಹಿಸಿದೆ. ದಾರ ಕತ್ತರಿಸಲು ಪುಟ್ಟ ಕತ್ತರಿಯೊಂದನ್ನು ಹೊಲಿಗೆ ಯಂತ್ರಕ್ಕೆ ಕಟ್ಟಿಕೊಂಡರು. ಎರಡು ವಾರ ಹೆಚ್ಚೇನೂ ಬದಲಾವಣೆ ಕಾಣದೆ ಬೇಸರಪಟ್ಟರು. ಬಿಡದೆ ಮಾಡಿ ಎಂದೆ. ಆರನೆಯ ವಾರದಲ್ಲಿ ಬಂದಾಗ ಬಾಯಿ ಮೂರು ಬೆರಳಷ್ಟು ತೆರೆಯುತ್ತಿತ್ತು. ‘ಟಕ್’ ಸದ್ದು ಇನ್ನೂ ಇತ್ತು, ನೋವು ಇರಲಿಲ್ಲ.

ಕಿತ್ತ ಹಲ್ಲು ಮಾತ್ರ ಹಿಂದಿರುಗಲಿಲ್ಲ. ಕಿವಿ ನೋವೆಂದು ಬಂದವರ ಕಿವಿಯಲ್ಲಿ ತಕ್ಕ ಕಾರಣ ಕಾಣದಿದ್ದರೆ ಈಗ ನಾನು ಕಿವಿಯ ಮುಂದೆಯೂ ಬೆರಳಿಟ್ಟು ನೋಡುತ್ತೇನೆ. ನಿಮ್ಮ ವೈದ್ಯರು ನೋಡದಿದ್ದರೆ ‘ಡಾಕ್ಟ್ರೇ, ದವಡೆಯ ಕೀಲನ್ನೂ ಒಮ್ಮೆ ನೋಡಿ’ ಎಂದು ನೀವೇ ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.