ಒಸಡಿನ ಚಿಕಿತ್ಸೆಗೆ ಸಾಲ ಮಾಡಬೇಕೇ?

ಪ್ರಶ್ನೆ: ನನಗೆ 42 ವರ್ಷ. ಹೊಲಿಗೆ ಕೆಲಸ ಮಾಡುತ್ತೇನೆ. ಕೆಳಗಿನ ಎರಡು ಮುಂದಿನ ಹಲ್ಲುಗಳ ಒಸಡು ಸರಿದು ಬೇರು ಕಾಣುತ್ತಿದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಸರ್ಜರಿ ಬೇಕಂತೆ, ಕೈಯಲ್ಲಿ ಅಷ್ಟು ಹಣವಿಲ್ಲ. ಸಾಲ ಮಾಡಲೇ?
– ಹೆಸರು ಬೇಡ, ಬಂಕಾಪುರ

ಉತ್ತರ: ಈಗಲೇ ಸಾಲ ಮಾಡಬೇಡಿ. ಈ ಚಿಕಿತ್ಸೆ ಹಂತಹಂತವಾಗಿ ನಡೆಯುತ್ತದೆ, ಖರ್ಚನ್ನೂ ಹಾಗೆಯೇ ಹಂಚಿಕೊಳ್ಳಬಹುದು.

ಮೊದಲು ಬೇರಿನವರೆಗೆ ಕಿಟ್ಟ ತೆಗೆಸುವ ಕ್ಲೀನಿಂಗ್ ಮಾಡಿಸಿ. ಶಿಗ್ಗಾವಿ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ನಾಲ್ಕರಿಂದ ಆರು ವಾರ ಬಿಟ್ಟು ಮತ್ತೆ ತೋರಿಸಿ. ಒಸಡು ಅಲ್ಲಿಗೇ ನಿಂತಿದ್ದು, ಜುಮ್ಮೆನ್ನುವುದು ಅದಕ್ಕೆಂದೇ ಇರುವ ಟೂತ್‌ಪೇಸ್ಟಿನಿಂದಲೇ ತಗ್ಗಿದರೆ ಸರ್ಜರಿ ಮುಂದೂಡಬಹುದು. ಇನ್ನೂ ಸರಿಯುತ್ತಿದ್ದರೆ ಅಂಗುಳಿನ ತೆಳು ಪದರ ತೆಗೆದು ಕಸಿ ಮಾಡುತ್ತಾರೆ.

ಕಸಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನ ಒಸಡು ವಿಭಾಗದಲ್ಲಿ ಕೇಳಿ. ಕಾಲೇಜು ಆಸ್ಪತ್ರೆಗಳಲ್ಲಿ ದರ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಅಂದಾಜು ಬರೆಸಿಕೊಳ್ಳಿ: ಒಂದು ಹಲ್ಲಿಗೆ ಎಷ್ಟು, ಎರಡಕ್ಕೂ ಒಟ್ಟಿಗೆ ಮಾಡಿದರೆ ಎಷ್ಟು, ಔಷಧ ಮತ್ತು ಹೊಲಿಗೆ ಬಿಚ್ಚುವುದು ಅದರಲ್ಲೇ ಸೇರಿದೆಯೇ? ಬಸ್ ಖರ್ಚು, ಕೆಲಸ ಬಿಡುವ ದಿನಗಳ ನಷ್ಟವನ್ನೂ ಕೂಡಿಸಿ.

ಮನೆಯವರಿಗೆ ಇಎಸ್‌ಐ ಇದ್ದರೆ ಕಾರ್ಡ್ ತೋರಿಸಿ ವಿಚಾರಿಸಿ. ದಂತಭಾಗ್ಯ ಯೋಜನೆ ಹಲ್ಲಿನ ಸೆಟ್ಟಿಗೆ, ಒಸಡಿನ ಕಸಿಗಲ್ಲ. ಆರೋಗ್ಯ ವಿಮೆಗಳೂ ಸಾಮಾನ್ಯವಾಗಿ ಇದಕ್ಕೆ ಹಣ ಕೊಡುವುದಿಲ್ಲ. ಕೊನೆಗೂ ಕೊರತೆ ಬಿದ್ದರೆ ಬಂಗಾರ ಅಡವಿಡುವ ಮೊದಲು ನಿಮ್ಮ ಸ್ವಸಹಾಯ ಸಂಘದಲ್ಲಿ ಕೇಳಿ.

ಕೀವು, ಬಾವು ಕಂಡರೆ ಅಥವಾ ಹಲ್ಲು ಅಲುಗಾಡಿದರೆ ಹಣಕ್ಕೆ ಕಾಯದೆ ಕೂಡಲೇ ದಂತವೈದ್ಯರನ್ನು ಕಾಣಿ. ತಂಬಾಕು ಉಜ್ಜುವ ರೂಢಿಯಿದ್ದರೆ ಇಂದೇ ಬಿಡಿ. ಅದಿದ್ದರೆ ಕಸಿ ಸರಿಯಾಗಿ ಕೂಡದೆ ಹೋಗಬಹುದು, ಕೊಟ್ಟ ಹಣವೂ ವ್ಯರ್ಥವಾಗಬಹುದು.